ಮುಂದೆ ನಡೆದವನ ಬೆನ್ನು

ಕಪಿತೊಲಿನಾ ನಮ್ಮ ಮನೆಗೆ ಬಂದ ದಿನ ನಾನು ದೋಣಿಯನ್ನು ಅಂಗಳದಲ್ಲಿ ಮಗುಚಿ ಹಾಕಿಕೊಂಡು ಅದರ ಅಡಿಗೆ ಟಾರು ಬಳಿಯುತ್ತಿದ್ದೆ. ಎಪ್ಪತ್ತೊಂದನೆಯ ಇಸವಿ, ಸೆಪ್ಟೆಂಬರ್ ಕೊನೆ. ಕಪಿತೊಲಿನಾ ನಮ್ಮ ಒಲ್ಖೊವ್ಕಾ ಹಳ್ಳಿಯ ಸೋವಿಯತ್ತಿನ, ಅಂದರೆ ಪಂಚಾಯಿತಿಯ, ಅಧ್ಯಕ್ಷೆ. ಸುಮ್ಮನೆ ಯಾರ ಮನೆಗೂ ಹೋಗುವವಳಲ್ಲ.

"ಕೈ ತೊಳ್ಕೊಂಡು ಬಾ ಸವ್ವಾತಿ. ಟಾರು ಮೆತ್ತಿದ ಕೈಯಲ್ಲಿ ಮಾತಾಡೋ ವಿಷಯ ಅಲ್ಲ" ಅಂದಳು.

ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಬೆಂಚಿನ ಮೇಲೆ ಕೂತು, ಎರಡು ಪತ್ರಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಸರೋವರದ ದಡದಲ್ಲಿ ನವೆಂಬರಿಗೆ ಒಂದು ಕಲ್ಲು ನಿಲ್ಲಿಸುತ್ತಾರೆಂದು ನನಗೆ ಗೊತ್ತಿತ್ತು. ಮಂಜುಗಡ್ಡೆಯ ರಸ್ತೆಗೆ ಮೂವತ್ತು ವರ್ಷ ತುಂಬುತ್ತಿತ್ತು. ಕಲ್ಲಿನ ಮೇಲೆ ಏನು ಕೆತ್ತಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

"ಆ ರಸ್ತೆಗೆ ದಾರಿ ಹುಡುಕಿದ್ದು ನಾನು ಅಂತ ಜವಾರ್ಜಿನ್ ಬರೆದಿದಾರೆ. ನಾನು ಅಂತ ದ್ರೊಬಿನಿನ್ನೂ ಬರೆದಿದಾರೆ. ಹೋದವರಲ್ಲಿ ಬದುಕಿರೋದು ಅವರಿಬ್ಬರು, ಇನ್ನೊಬ್ಬ ನೀನು. ನೀನು ಹೇಳಿದ ಹಾಗೆ ಕೆತ್ತಿಸ್ತೀನಿ. ಎರಡು ವಾರ ಟೈಮು."

"ಆ ರಸ್ತೇನ ಸಾವಿರಾರು ಜನ ಕಟ್ಟಿದ್ರು ಕಪಾ."

"ಅದು ಆಮೇಲೆ. ಮೊದಲ ದಿನ ಮುಂದೆ ಇದ್ದವರು ಯಾರು? ಕಲ್ಲು ಇರೋದು ಇಷ್ಟಗಲ. ಸಾವಿರಾರು ಜನಾನ ಹಿಡ್ಸೋಕಾಗಲ್ಲ."

ಯೋಚಿಸಿ ಹೇಳುತ್ತೇನೆ ಎಂದೆ. ಅವಳು ನನ್ನ ಮುಖ ನೋಡಿ, "ಯೋಚಿಸೋದೇನಿದೆ, ನೀನು ಅಲ್ಲೇ ಇದ್ದೆಯಲ್ಲ" ಅಂದಳು. ಅವಳು ಹೋದ ಮೇಲೆ ಟಾರು ಗಟ್ಟಿಯಾಗುವವರೆಗೂ ನಾನು ಅಲ್ಲೇ ಕೂತಿದ್ದೆ.

ನಲವತ್ತೊಂದರ ನವೆಂಬರಿನಲ್ಲಿ ನನಗೆ ಇಪ್ಪತ್ತು ವರ್ಷ. ವೊಲೊಗ್ದಾ ಕಡೆಯವನು, ರಸ್ತೆ ಪಡೆಯ ಸಿಪಾಯಿ. ಲೆನಿನ್‌ಗ್ರಾದನ್ನು ಶತ್ರು ಸುತ್ತುಗಟ್ಟಿ ಎರಡು ತಿಂಗಳು ದಾಟಿತ್ತು. ರೈಲು ದಾರಿ, ಡಾಂಬರು ದಾರಿ ಎಲ್ಲ ಮುಚ್ಚಿಹೋಗಿ ನಗರಕ್ಕೆ ಉಳಿದದ್ದು ಲಾಡೋಗ ಸರೋವರ ಒಂದೇ. ದೋಣಿಗಳು ಓಡುವಷ್ಟು ದಿನ ಓಡಿದವು, ನೀರು ಹೆಪ್ಪುಗಟ್ಟತೊಡಗಿದ ಮೇಲೆ ಅವೂ ನಿಂತವು. ಆಚೆ ದಡದ ಕೊಬೊನಾದಲ್ಲಿ ಹಿಟ್ಟಿನ ಮೂಟೆಗಳು ರಾಶಿ ಬಿದ್ದಿದ್ದವು. ಈಚೆ ನಗರದಲ್ಲಿ ಜನ ಬೀದಿಯಲ್ಲಿ ನಡೆಯುತ್ತಿದ್ದಂತೆಯೇ ಕುಸಿದು ಬೀಳುತ್ತಿದ್ದರು. ನಡುವೆ ಮೂವತ್ತು ಕಿಲೋಮೀಟರ್ ಮಂಜುಗಡ್ಡೆ, ಎಲ್ಲಿ ಎಷ್ಟು ದಪ್ಪವೋ ಯಾರಿಗೂ ತಿಳಿಯದು. ಅದರ ಮೇಲೆ ಮೊದಲು ಕುದುರೆಗಾಡಿ, ಆಮೇಲೆ ಲಾರಿ ಹೋಗುವಂಥ ದಾರಿ ಹುಡುಕಿ, ಉದ್ದಕ್ಕೂ ಕಂಬ ನೆಟ್ಟು ಬರಬೇಕೆಂದು ನಮ್ಮನ್ನು ಕಳಿಸಿದರು.

ಹನ್ನೊಂದು ಜನ ಎಂದು ಕಾಗದದಲ್ಲಿದೆ. ನನಗೆ ಮಾತ್ರ ಈ ಲೆಕ್ಕ ಯಾವತ್ತೂ ಹೊಂದಿಲ್ಲ. ಹೆಸರು ಹಿಡಿದು ಎಣಿಸಿದರೆ ಹನ್ನೊಂದು. ಬೆಳಿಗ್ಗೆ ದಡದಲ್ಲಿ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ನಿಂತದ್ದನ್ನು ನೆನೆದರೆ ಹನ್ನೆರಡು.

ನಮ್ಮ ಮುಂದಾಳು ಕ್ಯಾಪ್ಟನ್ ಜವಾರ್ಜಿನ್. ಜೊತೆಗೆ ಸರೋವರದ ಆಳ ಅಳೆಯುವ ವಿಭಾಗದಿಂದ ಬಂದ ಲೆಫ್ಟಿನೆಂಟ್ ದ್ರೊಬಿನಿನ್, ಕನ್ನಡಕದವರು. ಮಧ್ಯಾಹ್ನದವರೆಗೆ ಸರಿಯಾಗಿಯೇ ನಡೆದೆವು. ಹಾರೆಯಿಂದ ತೂತು ಹೊಡೆಯುವುದು, ದಪ್ಪ ಅಳೆಯುವುದು, ಕಂಬ ನೆಡುವುದು, ಮುಂದೆ ಸಾಗುವುದು. ಆಮೇಲೆ ಗಾಳಿ ಎದ್ದಿತು. ಹಿಮ ಮುಖಕ್ಕೆ ಅಡ್ಡಡ್ಡ ಹೊಡೆಯತೊಡಗಿತು. ಕಾಲಡಿಯ ಗಡ್ಡೆ ನರಳುವ ಸದ್ದು ಬೂಟಿನ ತಳದಿಂದ ಹಲ್ಲಿನವರೆಗೆ ಬರುತ್ತಿತ್ತು. ಫೋಮಾ ರ್ಯಾಬುಖಿನ್ ಎಂಬುವನು ಕಂಬ ನೆಡಲೆಂದು ಹಗ್ಗ ಬಿಚ್ಚಿಕೊಂಡು ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದ, ಹೋದವನು ಒಳಗೆ ಇಳಿದುಬಿಟ್ಟ. ಕೂಗಲೂ ಇಲ್ಲ. ಅವನ ಟೊಪ್ಪಿಗೆ ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿತು.

ಎದುರಿಗೆ ಹೆಪ್ಪುಗಟ್ಟದ ನೀರು ಹರಡಿತ್ತು. ಹಿಂತಿರುಗೋಣ ಎಂದು ಯಾರೋ ಅಂದರು. ಆಗ ಒಬ್ಬ ಹಗ್ಗ ಬಿಚ್ಚಿ, ಹಾರೆ ಹಿಡಿದು, ಹೊಟ್ಟೆಯ ಮೇಲೆ ತೆವಳುತ್ತ ಉತ್ತರಕ್ಕೆ ಹೊರಟ. ಸುಮಾರು ದೂರ ಹೋಗಿ ಎದ್ದು ನಿಂತ. ಹಾರೆಯಿಂದ ಕುಟ್ಟಿದ, ನಡೆದ, ಮತ್ತೆ ಕುಟ್ಟಿದ. ಕೊನೆಗೆ ತಿರುಗದೆಯೇ ಕೈ ಬೀಸಿದ. ನಾವು ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಆ ನೀರನ್ನು ಕುಡುಗೋಲಿನ ಹಾಗೆ ಬಾಗಿದ ದಾರಿಯಲ್ಲಿ ಬಳಸಿ ಹೋದೆವು. ಆ ಚಳಿಗಾಲವಿಡೀ ಲಾರಿಗಳು ಹಿಟ್ಟು ಹೊತ್ತು ಬಂದದ್ದು ಅದೇ ಬಳಸುದಾರಿಯಲ್ಲಿ.

ನಾನು ಕಂಡದ್ದು ಅವನ ಬೆನ್ನು ಮಾತ್ರ. ಕುರಿಚರ್ಮದ ಕೋಟು, ಎಡ ಹೆಗಲಿನ ಕೆಳಗೆ ಕಪ್ಪು ತೊಗಲಿನ ತೇಪೆ. ಎಲ್ಲರೂ ಕಣ್ಣಿನವರೆಗೆ ಮಫ್ಲರ್ ಸುತ್ತಿಕೊಂಡಿದ್ದೆವು. ಹಸಿವಿನಿಂದ ನನ್ನ ಕಣ್ಣು ಊದಿಕೊಂಡಿತ್ತು. ಆಮೇಲೆ ಎಲ್ಲಿ ಬಿದ್ದೆನೋ ತಿಳಿಯದು, ಕಣ್ಣು ಬಿಟ್ಟಾಗ ಕೊಬೊನಾದ ಒಲೆಯೊಂದರ ಪಕ್ಕದಲ್ಲಿ ಒಬ್ಬ ಹೆಂಗಸು ನನಗೆ ಸಿರಿಧಾನ್ಯದ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಳು.

ಮೂವತ್ತು ವರ್ಷ ಆ ಬೆನ್ನು ಯಾರದೆಂದು ನಾನು ಕೇಳಿಕೊಂಡಿರಲಿಲ್ಲ. ಗೊತ್ತಿದೆ ಎಂದೇ ಅಂದುಕೊಂಡಿದ್ದೆ.

ಮೊದಲು ಬಂದವರು ಜವಾರ್ಜಿನ್. ಭಾನುವಾರದ ಬಸ್ಸಿನಿಂದ ಊರುಗೋಲು ಹಿಡಿದು ಇಳಿದರು. ಕಂಕುಳಲ್ಲಿ ಚಾಕಲೇಟಿನ ಡಬ್ಬ, ಇನ್ನೊಂದು ಕೈಯಲ್ಲಿ ಹೊಗೆಯಾಡಿಸಿದ ಮೀನಿನ ಡಬ್ಬಿ. ಮೀನು ಹಿಡಿಯುವವರ ಹಳ್ಳಿಗೆ ಮೀನಿನ ಡಬ್ಬಿ ತಂದರಲ್ಲ ಎಂದು ನನ್ನ ಹೆಂಡತಿ ಗ್ಲಫೀರಾ ಅಡುಗೆಮನೆಯಲ್ಲಿ ಬಾಯಿಗೆ ಸೆರಗಿನಂತೆ ಟವೆಲು ಹಿಡಿದು ನಕ್ಕಳು. ಅವರು ನನ್ನನ್ನು ಅಪ್ಪಿಕೊಂಡು ಬೆನ್ನು ಗುದ್ದಿದರು.

"ಸವ್ವಾ, ನೀನು ಮುದುಕ ಆಗಿಬಿಟ್ಟೆಯಲ್ಲೋ. ನಿನ್ನನ್ನ ಸ್ಲೆಡ್ಜು ಬಂಡೀ ಮೇಲೆ ಎತ್ತಿ ಹಾಕಿದ್ದು ಇದೇ ಕೈ ಕಣೋ. ಒಣ ಕಟ್ಟಿಗೆ ಇದ್ದ ಹಾಗಿದ್ದೆ."

"ನಿಮಗೆ ಋಣಿ, ಕ್ಯಾಪ್ಟನ್."

"ಋಣ ಗಿಣ ಬೇಡ. ಒಂದು ಕಾಗದ ಬೇಕು, ಅಷ್ಟೇ."

ಚಹಾ ಕುಡಿಯುತ್ತ ಅವರು ಆ ದಿನದ್ದೆಲ್ಲ ಹೇಳಿದರು. ರ್ಯಾಬುಖಿನ್ ಮುಳುಗಿದ್ದು, ಎಲ್ಲರೂ ಹೆದರಿದ್ದು, ಅವರು ಹಗ್ಗ ಬಿಚ್ಚಿ ಎಸೆದು "ಯಾರೂ ಅಲ್ಲಾಡಬೇಡಿ" ಅಂದದ್ದು. ಹೊಟ್ಟೆಯ ಮೇಲೆ ತೆವಳುವಾಗ ಕೋಟಿನ ಗುಂಡಿಗಳು ಗಡ್ಡೆಯ ಮೇಲೆ ಗೀರಿದ ಸದ್ದನ್ನೂ ಹೇಳಿದರು. ಅವರು ಹೇಳುತ್ತ ಹೋದಂತೆ ನನ್ನ ಕಣ್ಣೆದುರಿನ ಬೆನ್ನು ಮೆಲ್ಲಗೆ ತಿರುಗಿತು, ಅದಕ್ಕೆ ಜವಾರ್ಜಿನ್ನರ ಮುಖ ಬಂತು. ಅಗಲವಾದ ದವಡೆ, ಹೆಪ್ಪುಗಟ್ಟಿದ ಮೀಸೆ. ಅದು ಅವರೇ. ಅನುಮಾನಕ್ಕೆ ಜಾಗವಿರಲಿಲ್ಲ.

"ಶಾಲೆಗಳಿಗೆ ಕರೀತಾರೆ. ಮಕ್ಕಳು ಕೂತು ಕೇಳ್ತವೆ" ಅಂದರು. "ಹೆಂಡತಿ ಹೋದ ಮೇಲೆ ನನಗೆ ಉಳಿದಿರೋದು ಅದೊಂದೇ. ಎಷ್ಟು ಸಲ ಹೇಳಿದೀನೋ ಸವ್ವಾ, ಈಗ ನಿದ್ದೇಲಿ ಎಬ್ಬಿಸಿದ್ರೂ ಒಂದು ಮಾತು ತಪ್ಪಲ್ಲ."

ದಾರಿ ಹುಡುಕಿದ್ದು ಅವರೇ ಎಂದು ಬರೆದಿದ್ದ ಕಾಗದಕ್ಕೆ ನಾನು ಸಹಿ ಹಾಕಿದೆ. ಅವರು ಬಸ್ಸು ಹತ್ತಿದ ಮೇಲೆ, ತೇಪೆಯ ವಿಷಯ ಕೇಳಲಿಲ್ಲವಲ್ಲ ಎಂದು ನೆನಪಾಯಿತು.

ಬುಧವಾರ ದ್ರೊಬಿನಿನ್ ಬಂದರು. ಕಡ್ಡಿಯಂಥ ಮನುಷ್ಯ, ಈಗ ಕನ್ನಡಕ ಇನ್ನೂ ದಪ್ಪ. ಊಟ ಬೇಡ, ಬರಿಯ ಬಿಸಿನೀರು ಸಾಕು ಎಂದರು. ಎಣ್ಣೆಬಟ್ಟೆಯಲ್ಲಿ ಸುತ್ತಿದ ನೋಟುಪುಸ್ತಕವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಪೆನ್ಸಿಲಿನ ಅಕ್ಷರ ಮಾಸಿದ್ದರೂ ಓದಬಹುದಿತ್ತು. ಗಡ್ಡೆಯ ದಪ್ಪ, ನೀರಿನ ಆಳ, ಗಾಳಿಯ ದಿಕ್ಕು, ಗಂಟೆ, ನಿಮಿಷ.

"ನೀವೇ ಓದಿ ಸವ್ವಾತಿ ಗೊರ್ದೆಯೆವಿಚ್. ನನ್ನ ಬಾಯಿಂದ ಹೇಳಿದ್ರೆ ಜಂಬ ಆಗುತ್ತೆ."

ಓದಿದೆ. 'ಮೂರು ನಲವತ್ತು. ಹೆಪ್ಪುಗಟ್ಟದ ನೀರು. ಉತ್ತರಕ್ಕೆ ಒಳಹರಿವು ಕಡಿಮೆ, ಬಳಸುದಾರಿ ಸಾಧ್ಯ. ಮುಂದೆ ಲ.'

"ಈ 'ಲ' ಅಂದ್ರೆ?"

"ಲ್ಯೋದ್. ಮಂಜುಗಡ್ಡೆ. ಮುಂದೆ ಗಡ್ಡೆ ಇದೆ ಅಂತ. ಚಳೀಲಿ ಪೂರ್ತಿ ಬರೆಯೋಕೆ ಬೆರಳು ಬಗ್ತಿರಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಉತ್ತರದ ಕಡೆ ನೀರು ಕದಡಲ್ಲ, ಅಲ್ಲಿ ಗಡ್ಡೆ ಗಟ್ಟಿ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು? ಕ್ಯಾಪ್ಟನ್ನಿಗಾ? ಅವರು ಅದಕ್ಕೆ ಮುಂಚೆ ಲಾಡೋಗಾನ ನೋಡೇ ಇರಲಿಲ್ಲ. ಗೊತ್ತಿದ್ದವನು ತಾನೇ ಮುಂದೆ ಹೋಗೋದು?"

ಮಾತು ನ್ಯಾಯವಾಗಿತ್ತು. ಗೊತ್ತಿದ್ದವನೇ ಹೋಗಿರಬೇಕು. ನನ್ನ ಕಣ್ಣೆದುರಿನ ಬೆನ್ನು ಸಣ್ಣಗಾಯಿತು, ಕೋಟು ಸಡಿಲವಾಯಿತು, ಕಿವಿಯ ಹಿಂದೆ ಕನ್ನಡಕದ ದಾರ ಕಂಡಿತು.

"ಆಳ ಅಳೆಯೋ ನಮ್ಮ ವಿಭಾಗದಲ್ಲಿ ಏಳು ಜನ ಇದ್ವಿ" ಅಂದರು ಅವರು. "ಆರು ಜನ ಆ ಚಳಿಗಾಲದಲ್ಲೇ ಹೋದ್ರು. ಎಲ್ಲಿ ನೋಡಿದ್ರೂ ರಸ್ತೆ ಪಡೆ ರಸ್ತೆ ಹಾಕ್ತು ಅಂತಾನೇ ಇದೆ. ನನ್ನ ಹೆಸರು ಬಂದ್ರೆ ಅವರ ಹೆಸರೂ ಬಂದ ಹಾಗೆ."

ಅವರು ತಂದಿದ್ದ ಕಾಗದಕ್ಕೂ ಸಹಿ ಹಾಕಿದೆ. ನಾಚಿಕೆಯ ಮಾತೇ, ಆದರೆ ಹೇಳಬೇಕು: ಎರಡು ಸಲವೂ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ.

ಶುಕ್ರವಾರ ಕಪಿತೊಲಿನಾ ಎರಡೂ ಕಾಗದ ಹಿಡಿದು ಬಂದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು.

"ಇದು ನಿನ್ನ ಸಹಿ. ಇದೂ ನಿನ್ನ ಸಹಿ. ನಿನಗೇನಾದ್ರೂ ತಲೆ ಕೆಟ್ಟಿದೆಯಾ?"

"ಇರಬಹುದು."

"ಕುಡಿದಿದ್ಯಾ?"

"ಚಹಾ ಕುಡಿದಿದ್ದೆ. ಆಮೇಲೆ ಬಿಸಿನೀರು."

"ತಮಾಷೆ ಮಾಡಬೇಡ. ಕಲ್ಲು ಕೆತ್ತೋನು ದಿನಾ ಫೋನ್ ಮಾಡ್ತಾನೆ. ಯಾರು ಸವ್ವಾತಿ? ಒಂದೇ ಒಂದು ಹೆಸರು."

ನಾನು ಬೆನ್ನಿನ ವಿಷಯ ಹೇಳಿದೆ, ತೇಪೆಯ ವಿಷಯ ಹೇಳಿದೆ, ಮುಖ ಬಂದು ಬಂದು ಬದಲಾಗುವುದನ್ನೂ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಸುಸ್ತಾದವಳ ಹಾಗೆ ಕುರ್ಚಿಯಲ್ಲಿ ಒರಗಿದಳು. ಆಗ ಒಲೆಯ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದ ಗ್ಲಫೀರಾ, ಕೈ ನಿಲ್ಲಿಸದೆಯೇ, "ಲೆಂಪಿನೆನ್‌ನ ಯಾಕೆ ಯಾರೂ ಲೆಕ್ಕಕ್ಕೆ ತಗೊಳಲ್ಲ?" ಅಂದಳು.

"ಯಾವ ಲೆಂಪಿನೆನ್?" ಅಂದೆ.

"ಆಂತಿ. ಆ ಕೊನೇ ಮನೆ ಇತ್ತಲ್ಲ, ಈಗ ಬಲೆ ಒಣಗಿಸ್ತೀವಲ್ಲ, ಅಲ್ಲಿದ್ದ ಫಿನ್ನಿಷ್ ಮೀನುಗಾರ. ನಿಮ್ಮನ್ನ ದಾಟಿಸೋಕೆ ಅಂತ ಅವತ್ತು ಬೆಳಿಗ್ಗೆ ಅವನನ್ನ ಕರ್ಕೊಂಡು ಹೋದ್ರು. ನಾನು ನೀರಿಗೆ ಹೋದವಳು ನೋಡ್ದೆ. ನನಗೆ ಹದಿನೇಳು."

ಕಪಿತೊಲಿನಾ ಎದ್ದು ಕಿಟಕಿ ಮುಚ್ಚಿದಳು. ಹೊರಗೆ ಯಾರೂ ಇರಲಿಲ್ಲ.

"ಇಪ್ಪತ್ತೈದು ವರ್ಷ ಸಂಸಾರ ಮಾಡಿದೀಯ. ಒಂದು ಸಲಾನೂ ಹೇಳಲಿಲ್ಲವಲ್ಲೇ" ಅಂದೆ.

"ಫಿನ್ನಿಷ್ ಜನ ಶತ್ರು ಕಡೆಯವರು ಅಂತ ನಲವತ್ತೆರಡರ ಮಾರ್ಚಲ್ಲಿ ಅವರನ್ನೆಲ್ಲ ಸೈಬೀರಿಯಾಕ್ಕೆ ಕಳಿಸಿದ್ರಲ್ಲ. ಆಮೇಲೆ ಆ ಹೆಸರು ಹೇಳೋ ಹಾಗಿರಲಿಲ್ಲ. ಹೇಳಬಹುದು ಅನ್ನೋ ಹೊತ್ತಿಗೆ ಮರೆತೇ ಹೋಗಿತ್ತು." ಅವಳು ಆಲೂಗಡ್ಡೆಯೊಂದನ್ನು ನೀರಿಗೆ ಹಾಕಿದಳು. "ನೀನು ನಿದ್ದೇಲಿ ಹನ್ನೆರಡು ಹನ್ನೆರಡು ಅಂತ ಕನವರಿಸ್ತೀಯ. ಮೀನು ಎಣಿಸ್ತಿದೀಯ ಅಂದ್ಕೊಂಡಿದ್ದೆ."

ಅಲ್ಲೇ ಕೂತಿದ್ದಂತೆ ನನಗೆ ಒಂದು ದನಿ ಕೇಳಿಸಿತು. ಮುರುಕಲು ರಷ್ಯನ್ನಿನಲ್ಲಿ, "ಒಟ್ಟಿಗೆ ಹೆಜ್ಜೆ ಹಾಕ್ಬೇಡಿ, ಒಬ್ಬೊಬ್ಬರೇ, ಒಬ್ಬೊಬ್ಬರೇ." ಅದು ನಿಜವಾಗಿ ಮೂವತ್ತು ವರ್ಷದ ಹಿಂದಿನ ದನಿಯೋ, ಗ್ಲಫೀರಾ ಹೇಳಿದ್ದರಿಂದ ಈಗಷ್ಟೇ ನನ್ನ ತಲೆಯಲ್ಲಿ ಹುಟ್ಟಿದ್ದೋ, ಬೇರ್ಪಡಿಸಲು ನನಗೆ ಆಗಲಿಲ್ಲ. ಜವಾರ್ಜಿನ್ನರ ಮೀಸೆಯನ್ನೂ ದ್ರೊಬಿನಿನ್ನರ ಕನ್ನಡಕದ ದಾರವನ್ನೂ ನಾನು ಇಷ್ಟೇ ಸ್ಪಷ್ಟವಾಗಿ ಕಂಡಿದ್ದೆನಲ್ಲ.

"ಹೆಸರು ಕೇಳಿದ್ರೆ ಎರಡು ಕೊಟ್ಟೆ. ಈಗ ಮೂರಾಯ್ತು" ಅಂದಳು ಕಪಿತೊಲಿನಾ. "ನಾನು ಬರ್ತೀನಿ."

ಆಂತಿಯ ಮಗಳು ಹಿಲ್ಮಾ ಕರೇಲಿಯಾದ ಒಂದು ಸಣ್ಣ ಊರಿನಲ್ಲಿದ್ದಳು. ನಮ್ಮ ಹಳ್ಳಿಯ ಮುದುಕಿಯೊಬ್ಬಳಿಗೆ ಅವಳು ವರ್ಷಕ್ಕೊಮ್ಮೆ ಕಾರ್ಡು ಹಾಕುತ್ತಿದ್ದಳು, ವಿಳಾಸ ಅಲ್ಲಿ ಸಿಕ್ಕಿತು. ನಾನು ರೈಲು ಹಿಡಿದು ಹೋದೆ. ಅವಳು ಮರದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ವಯಸ್ಸು ನಲವತ್ತರ ಹತ್ತಿರ, ಬಿಳಿ ತಲೆವಸ್ತ್ರ, ಮೊಣಕೈವರೆಗೆ ಹಿಟ್ಟು. ಮಧ್ಯಾಹ್ನದ ಊಟ ಮುಗಿದ ಮೇಲೆ ನನ್ನ ಎದುರು ಆಲೂಗಡ್ಡೆ ತುಂಬಿದ ರೈ ಧಾನ್ಯದ ರೊಟ್ಟಿಯಿಟ್ಟು ಕೂತಳು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ.

"ತಿನ್ನಿ ಮೊದಲು" ಅಂದಳು. ನಾನು ತಿಂದೆ.

"ಅಪ್ಪ ಹೋಗಿದ್ದು ನಿಜ. ನನಗೆ ಒಂಬತ್ತು ವರ್ಷ. ಮೂರು ದಿನ ಬಿಟ್ಟು ವಾಪಸ್ ಬಂದ. ಕಾಲಿನ ಎರಡು ಬೆರಳು ಕಪ್ಪಗಾಗಿತ್ತು. ಅಮ್ಮ ಬೈದಳು. 'ಸಿಪಾಯಿಗಳನ್ನ ದಾಟಿಸ್ದೆ ಕಣೇ, ಎಳೆ ಹುಡುಗರು, ಒಬ್ಬ ಮುಳುಗಿಬಿಟ್ಟ' ಅಂದ."

"ಬಳಸುದಾರಿ ತಾನೇ ಹುಡುಕಿದ್ದು ಅಂತ ಹೇಳಿದ್ರಾ?"

"ಒಂದು ಸಲ ಹಾಗಂದ. ಇನ್ನೊಂದು ಸಲ ಕನ್ನಡಕದ ಆಫೀಸರು ನುಗ್ಗಿ ನುಗ್ಗಿ ಹೋಗ್ತಿದ್ರು, ಅವರನ್ನ ಬೈದು ಹಿಂದಕ್ಕೆ ಕರೆದೆ ಅಂದ. ಸೈಬೀರಿಯಾದಲ್ಲಿ ಸಾಯೋ ಮುಂಚೆ ಅದನ್ನೆಲ್ಲ ಕುದುರೆ ಹುಡುಕ್ತು ಅಂತಿದ್ದ. ಕುದುರೆ ಕಾಲಿಡದ ಕಡೆ ನಾವೂ ಇಡಲಿಲ್ಲ ಅಂತ."

"ನಮ್ಮ ಜೊತೆ ಕುದುರೆ ಇತ್ತಾ?"

"ನೀವು ಹೋಗಿದ್ದವರು. ನನ್ನ ಕೇಳ್ತೀರಲ್ಲ."

ಸ್ಲೆಡ್ಜು ಇತ್ತು ಎಂಬುದು ಖಚಿತ, ನನ್ನನ್ನು ಅದರ ಮೇಲೆ ಹಾಕಿದ್ದರು. ಅದನ್ನು ಎಳೆದವರು ಯಾರು? ಮನುಷ್ಯರೇ ಎಂದುಕೊಂಡಿದ್ದೆ. ಈಗ ಹಬೆಯಾಡುವ ಮೂಗಿನ ಹೊಳ್ಳೆಗಳೂ ಕಾಣತೊಡಗಿದವು.

"ನಿಮ್ಮಪ್ಪನ ಕೋಟಿಗೆ ತೇಪೆ ಇತ್ತಾ? ಎಡ ಹೆಗಲ ಕೆಳಗೆ?"

ಹಿಲ್ಮಾ ಮೊಣಕೈಯ ಹಿಟ್ಟು ಒರೆಸಿಕೊಂಡಳು. "ಆ ವರ್ಷ ತೇಪೆ ಇಲ್ಲದ ಕೋಟು ಯಾರಿಗಿತ್ತು?"

ಆಮೇಲೆ ಅವಳಾಗಿಯೇ ಮಾರ್ಚಿನ ವಿಷಯ ಎತ್ತಿದಳು. ಒಂದು ದಿನದ ಗಡುವು ಕೊಟ್ಟು ಎಲ್ಲರನ್ನೂ ಲಾರಿಗೆ ಹತ್ತಿಸಿದರು. ಲಾರಿ ಹೋದದ್ದು ಅದೇ ಮಂಜುಗಡ್ಡೆಯ ರಸ್ತೆಯಲ್ಲಿ. "ಅಪ್ಪ ಲಾರಿ ಹಿಂಬದೀಲಿ ಕೂತಿದ್ದ. ಆ ತಿರುವು ಬಂದಾಗ ಎದ್ದು ಡ್ರೈವರಿಗೆ ಕೂಗಿದ, ಕಂಬದ ಎಡಕ್ಕೆ ಹೋಗಪ್ಪ, ಬಲಕ್ಕೆ ನೀರು ಅಂತ. ಕಾವಲಿನವನು ಬಂದೂಕಿನ ಹಿಡೀಲಿ ತಿವಿದು ಕೂರಿಸ್ದ. ಡ್ರೈವರು ಮಾತ್ರ ಎಡಕ್ಕೇ ಹೋದ."

ಅವಳ ತಂದೆಯ ಹೆಸರನ್ನು ಕಲ್ಲಿನ ಮೇಲೆ ಹಾಕಿಸಲು ನೋಡುತ್ತೇನೆ ಎಂದೆ. ಅವಳು ತಟ್ಟೆ ಎತ್ತಿಕೊಂಡಳು.

"ಬೇಡ. ನನ್ನ ಮಗಳು ಕಾಲೇಜಲ್ಲಿ ಓದ್ತಿದಾಳೆ. ಅವಳ ಕಾಗದಗಳಲ್ಲಿ ಅಜ್ಜ ಎಲ್ಲಿ ಸತ್ತ ಅಂತ ಇಲ್ಲ. ಇರೋದೂ ಬೇಡ."

ಸರಿ ಎಂದೆ. ಸ್ಟೇಷನ್ನಿನವರೆಗೆ ಜೊತೆಗೆ ಬಂದಳು. ರೈಲು ಬಂದು ನಾನು ಮೆಟ್ಟಿಲು ಹತ್ತಿದ ಮೇಲೆ ತೋಳು ಹಿಡಿದು ನಿಲ್ಲಿಸಿ, "ಒಂದು ವೇಳೆ ಬರೆದ್ರೆ ಆಂತಿ ಅಂತ ಬರೀರಿ. ಅಂದ್ರೇಯ್ ಅಂತ ರಷ್ಯನ್ ಮಾಡಿ ಬರೀಬೇಡಿ. ಅವನಿಗೆ ಆಗ್ತಿರಲಿಲ್ಲ" ಅಂದಳು.

ಬರೆಯಬೇಕೋ ಬೇಡವೋ ಎಂದು ಕೇಳುವಷ್ಟರಲ್ಲಿ ರೈಲು ಹೊರಟಿತು.

ಊರಿಗೆ ಬಂದು ಕಪಿತೊಲಿನಾಳ ಕಚೇರಿಗೆ ಹೋಗಿ ಎರಡೂ ಸಹಿಗಳನ್ನು ವಾಪಸು ಕೇಳಿದೆ. ಹೊಸ ಕಾಗದ ಬರೆದುಕೊಟ್ಟೆ: 'ನಾನು ಹಗ್ಗದಲ್ಲಿದ್ದೆ. ಒಬ್ಬ ಮನುಷ್ಯ ಹಗ್ಗ ಬಿಚ್ಚಿಕೊಂಡು ಮುಂದೆ ಹೋದದ್ದನ್ನು ಕಂಡೆ. ಅವನ ಮುಖ ಕಾಣಲಿಲ್ಲ. ನಮ್ಮ ಜೊತೆ ಕ್ಯಾಪ್ಟನ್ ಜವಾರ್ಜಿನ್, ಲೆಫ್ಟಿನೆಂಟ್ ದ್ರೊಬಿನಿನ್ ಮತ್ತು ಈ ಹಳ್ಳಿಯ ಮೀನುಗಾರ ಆಂತಿ ಲೆಂಪಿನೆನ್ ಇದ್ದರು. ಇವರಲ್ಲಿ ಯಾರೆಂದು ನನಗೆ ಗೊತ್ತಿಲ್ಲ.'

ಹಿಲ್ಮಾಳ ಮಗಳ ನೆನಪಾಗಿ ಆ ಹೆಸರಿನ ಮೇಲೆ ಗೆರೆ ಎಳೆದೆ. ಸ್ಟೇಷನ್ನಿನ ಮಾತು ನೆನಪಾಗಿ ಅದರ ಪಕ್ಕದಲ್ಲೇ ಮತ್ತೆ ಬರೆದೆ.

ಕಪಿತೊಲಿನಾ ಎರಡು ಸಲ ಓದಿದಳು. "ಈ ಹೆಸರಿಗೆ ಕಾಗದ ಇದೆಯಾ? ಯಾವುದಾದ್ರೂ ಆದೇಶ, ಪಟ್ಟಿ?"

"ಇಲ್ಲ. ಪಟ್ಟೀಲಿ ಹನ್ನೊಂದೇ ಹೆಸರು."

"ನನ್ನ ಕೈಲಿ ಇದನ್ನ ಕೆತ್ತಿಸೋಕಾಗಲ್ಲ ಸವ್ವಾತಿ. ನೀನು ಬೈದ್ರೂ ಸರಿ." ಆದರೆ ಕಾಗದವನ್ನು ಹರಿಯಲಿಲ್ಲ. ಮಡಿಸಿ ತನ್ನ ಕೈಚೀಲದಲ್ಲಿಟ್ಟುಕೊಂಡಳು. ಅದನ್ನು ಮೇಲಿನವರಿಗೆ ಕಳಿಸಿದಳೋ, ಇಟ್ಟುಕೊಂಡಳೋ ನಾನು ಕೇಳಿಲ್ಲ.

ಕಲ್ಲು ನವೆಂಬರಿನಲ್ಲಿ ನಿಂತಿತು. 'ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಈ ದಡದಿಂದ ಮಂಜುಗಡ್ಡೆಯ ಮೇಲೆ ಮೊದಲು ಹೊರಟವರಿಗೆ' ಎಂದಷ್ಟೇ ಕೆತ್ತಿದ್ದರು. ಯಾರ ಹೆಸರೂ ಇಲ್ಲ. ಜವಾರ್ಜಿನ್, ದ್ರೊಬಿನಿನ್ ಇಬ್ಬರೂ ಬಂದಿದ್ದರು, ಜನರ ಗುಂಪಿನ ಎರಡು ತುದಿಯಲ್ಲಿ ನಿಂತಿದ್ದರು. ವಾದ್ಯದವರು ಬೆರಳು ಸೆಟೆದು ಅರ್ಧಕ್ಕೇ ನಿಲ್ಲಿಸಿದರು. ಮುಗಿದ ಮೇಲೆ ಬಸ್ಸು ಕೆಟ್ಟಿದೆ, ಎರಡು ಗಂಟೆ ತಡ ಎಂದು ಗೊತ್ತಾಯಿತು. ಊರಿನಲ್ಲಿ ಅವರಿಗೆ ಗೊತ್ತಿದ್ದದ್ದು ನಮ್ಮ ಮನೆ ಒಂದೇ.

ಗ್ಲಫೀರಾ ಮೀನಿನ ಸಾರು ಬಡಿಸಿದಳು. ಇಬ್ಬರೂ ಮುಖ ತಿರುಗಿಸಿಕೊಂಡು ಕೂತರು.

"ನೀನು ನನ್ನ ಕೈ ಬಿಟ್ಟೆ ಸವ್ವಾ" ಅಂದರು ಜವಾರ್ಜಿನ್. ಬೈಗುಳವಿರಲಿಲ್ಲ. ದನಿ ಸಣ್ಣದಾಗಿತ್ತು. "ಮುಂದಿನ ವಾರ ಒಂದು ಶಾಲೆಗೆ ಹೋಗ್ಬೇಕು. ನಾನೇನು ಹೇಳ್ಲಿ ಆ ಮಕ್ಕಳಿಗೆ?"

"ಆಂತಿ ಲೆಂಪಿನೆನ್ ನಿಮಗೆ ನೆನಪಿದಾನಾ?" ಎಂದು ಕೇಳಿದೆ.

ಚಮಚಗಳು ನಿಂತವು.

"ಆ ಫಿನ್ನಿಷ್ ಮೀನುಗಾರನಾ?" ಅಂದರು ಜವಾರ್ಜಿನ್. "ಇದ್ದ, ಇದ್ದ. ಹಿಂದೆ ಕುದುರೆ ಹೊಡ್ಕೊಂಡು ಬರ್ತಿದ್ದ."

"ಕುದುರೆ ಎಲ್ಲಿತ್ತು?" ಅಂದರು ದ್ರೊಬಿನಿನ್, ಅವತ್ತು ಮೊದಲ ಸಲ ಅವರ ಕಡೆ ತಿರುಗಿ. "ಕುದುರೆ ಬಂದಿದ್ದು ನಾಲ್ಕು ದಿನ ಆದ್ಮೇಲೆ. ಆ ಮೀನುಗಾರ ದಡದಲ್ಲೇ ಉಳಿದ. ಬರಲ್ಲ ಅಂದ."

"ದಡದಲ್ಲಿ ಉಳಿದವನ ಕಾಲು ಹೆಪ್ಪುಗಟ್ಟುತ್ತಾ?" ಅಂದೆ. "ಎರಡು ಬೆರಳು ಹೋಗಿತ್ತಂತೆ."

"ಹಾಗಾದ್ರೆ ಬಂದಿದ್ದನೇನೋ. ಬಂದು ವಾಪಸ್ ಹೋಗಿರ್ಬೇಕು."

"ಹಿಂದೆ ಇದ್ದ ಅಂತಿದೀನಲ್ಲ" ಅಂದರು ಜವಾರ್ಜಿನ್. "ನಾನು ತಿರುಗಿ ನೋಡ್ದೆ, ಅವನು..." ಅಲ್ಲಿಗೆ ತಡೆದರು. ಹಣೆ ಉಜ್ಜಿಕೊಂಡರು. "ಅವನು ಕೈ ಬೀಸ್ತಿದ್ದ. ನಾನು ಅವನನ್ನ ಕೂಗಿದ್ದಾ, ಅವನು ನಮ್ಮನ್ನಾ?"

ದ್ರೊಬಿನಿನ್ ನೋಟುಪುಸ್ತಕ ತೆಗೆದು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಮ್ಮದೇ ಅಕ್ಷರವನ್ನು ಬೇರೆಯವರದ್ದೆಂಬಂತೆ ನೋಡುತ್ತ ಕೂತರು. "ಗಡ್ಡೇನ ನಾನು ಸಣ್ಣ ಅಕ್ಷರದಲ್ಲಿ ಬರೀತಿದ್ದೆ" ಅಂದರು. "ಇದು ಹೆಸರಿಗೆ ಹಾಕೋ ದೊಡ್ಡಕ್ಷರ. ಲೆಂಪಿನೆನ್ ಅಂತಲೂ ಇರಬಹುದು. ಅಥವಾ ಬೆರಳು ನಡುಗಿತ್ತೋ ಏನೋ."

ಬಸ್ಸು ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತದ್ದನ್ನು ಕಂಡೆ. ಜಾಗ ಬೇರೆ ಇರಲಿಲ್ಲ. ಮುಂದಿನ ವಸಂತದಲ್ಲಿ ಜವಾರ್ಜಿನ್ ತೀರಿಕೊಂಡರು. ಲಾಡೋಗದ ಮೇಲೆ ಮೊದಲ ದಾರಿ ಹುಡುಕಿದವರು ಎಂದೇ ಪತ್ರಿಕೆಯಲ್ಲಿ ಬಂತು. ಓದಿ ನನಗೆ ಸಿಟ್ಟು ಬರಲಿಲ್ಲ, ನಿಜವೂ ಇರಬಹುದಲ್ಲ.

ಆದರೆ ಅದಕ್ಕೆ ಮುಂಚೆ, ಫೆಬ್ರವರಿಯಲ್ಲಿ, ಹೇಳದೆ ಕೇಳದೆ ಹಿಲ್ಮಾ ಬಂದಳು. ಕಲ್ಲನ್ನು ನೋಡಿದಳು, ಓದಿದಳು. ಆ ತಿರುವಿನ ಜಾಗವನ್ನು ತೋರಿಸಿ ಎಂದಳು. ಬಿಸಿಲಿತ್ತು, ಗಡ್ಡೆ ಮೊಣಕಾಲುದ್ದ ದಪ್ಪವಿತ್ತು. ಇಬ್ಬರೂ ಉಣ್ಣೆಯ ಬೂಟು ಹಾಕಿಕೊಂಡು ಮೂರು ಗಂಟೆ ನಡೆದೆವು. ನಾನು ಒಂದು ಕಡೆ ನಿಂತು ಇಲ್ಲೇ ಅಂದೆ. ಸ್ವಲ್ಪ ನೋಡಿ, ಇಲ್ಲ, ಇನ್ನೂ ಆಚೆ ಅಂದೆ. ಆಚೆ ಹೋದರೆ ಅಲ್ಲಿಯೂ ಹಾಗೆಯೇ ಬಿಳಿ, ಎಲ್ಲ ಕಡೆಯೂ ಒಂದೇ ಸಮ. ದಡಗಳು ಎರಡೂ ಕಾಣುತ್ತಿರಲಿಲ್ಲ.

"ಅಪ್ಪ ಆಗಿದ್ರೆ ಹೇಳ್ತಿದ್ದ" ಅಂದಳು ಹಿಲ್ಮಾ.

"ಹೌದು."

"ಅಥವಾ ಮೂರು ಜಾಗ ತೋರಿಸ್ತಿದ್ದ."

ಅಷ್ಟು ದೂರದಲ್ಲಿ ಒಬ್ಬ ಮುದುಕ ಪೆಟ್ಟಿಗೆಯ ಮೇಲೆ ಕೂತು ತೂತಿನಲ್ಲಿ ಗಾಳ ಬಿಟ್ಟುಕೊಂಡಿದ್ದ. ನಾವು ಅತ್ತಿತ್ತ ಓಡಾಡುವುದನ್ನು ಬಹಳ ಹೊತ್ತು ನೋಡಿ ಕೂಗಿ ಕೇಳಿದ: "ಏನು ಹುಡುಕ್ತಿದೀರಿ?"

"ಒಂದು ಜಾಗ" ಅಂದೆ.

"ಅಲ್ಲಿ ಮೀನು ಚೆನ್ನಾಗಿ ಕಚ್ಚುತ್ತಾ?"

ಹಿಲ್ಮಾ ನಕ್ಕಳು. ನಗುತ್ತಲೇ ಚೀಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತೆಗೆದು ಮೂರು ಪಾಲು ಮಾಡಿದಳು. ನಾವು ಆ ಮುದುಕನ ಪಕ್ಕದಲ್ಲಿ ಗಡ್ಡೆಯ ಮೇಲೆ ಕೂತು ತಿಂದೆವು. ಅವನು ಬೆಳಿಗ್ಗೆಯಿಂದ ಎರಡೇ ಮೀನು ಹಿಡಿದಿದ್ದ.